ಅರವತ್ತನಾಲ್ಕು ಗುರುತುಗಳು

ಕಾರ್ಕಳದ ಸೀಮೆಯಲ್ಲಿ ಜೈನ ಮನೆತನವೊಂದು ಮೂರು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಕುಚ್ಚಲಕ್ಕಿ ಗಿರಣಿಯೊಂದಿದೆ. ಭತ್ತವನ್ನು ನೀರಿನಲ್ಲಿ ನೆನೆಹಾಕಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಅನಂತರ ಸಿಪ್ಪೆ ಬಿಡಿಸುವುದು ಕುಚ್ಚಲಕ್ಕಿಯ ಕ್ರಮ. ಹಬೆಯನ್ನು ಒದಗಿಸುವ ಬಾಯ್ಲರು ಗಿರಣಿಯ ಹಿಂಬದಿಯಲ್ಲಿದೆ; ಗಿರಣಿಯಿಂದಲೇ ಬರುವ ಉಮಿ ಅದಕ್ಕೆ ಉರುವಲು. ಈ ಬಾಯ್ಲರನ್ನು ಇಪ್ಪತ್ತಾರು ವರ್ಷಗಳ ಕಾಲ ನೋಡಿಕೊಂಡವರು ಪ್ರಮಾಣಪತ್ರವುಳ್ಳ ಒಬ್ಬ ಹಿರಿಯ ನೌಕರರು. ಬೆಳಿಗ್ಗೆ ಬಂದೊಡನೆ ಅವರು ಮಾಡುತ್ತಿದ್ದ ಮೊದಲ ಕೆಲಸವೆಂದರೆ, ಬಾಯ್ಲರಿನೊಳಗಿನ ನೀರಿನ ಮಟ್ಟವನ್ನು ತೋರಿಸುವ ಗಾಜಿನ ನಳಿಗೆಯ ಕೆಳಗಿನ ತಿರುಪನ್ನು ತೆರೆದು, ನೀರು ಹೊರಹೋಗಿ, ತಿರುಪನ್ನು ಮುಚ್ಚಿದ ಮೇಲೆ ಥಟ್ಟನೆ ಮತ್ತೆ ಏರುವುದೇ ಎಂದು ನೋಡುವುದು. ಇದನ್ನು ಅವರಿಗೆ ಯಾರೂ ಬರೆದು ಕೊಟ್ಟಿರಲಿಲ್ಲ.

2016ರಲ್ಲಿ ಮನೆಯ ಮಗ ಮಂಗಳೂರಿನಲ್ಲಿ ಆಡಳಿತ ನಿರ್ವಹಣೆಯ ವ್ಯಾಸಂಗವನ್ನು ಮುಗಿಸಿ ಬಂದು ಗಿರಣಿಯ ಹೊಣೆಯನ್ನು ವಹಿಸಿಕೊಂಡನು. ಅವನು ಶ್ರದ್ಧಾವಂತ, ನೌಕರರಿಗೆ ಅಪಾಯವಾಗಬಾರದು, ಗ್ರಾಹಕರಿಗೆ ಕಲ್ಲುಮಣ್ಣಿನ ಅಕ್ಕಿ ಹೋಗಬಾರದು ಎಂಬುದೇ ಅವನ ಆಶಯವಾಗಿತ್ತು. ಒಂದು ತಿಂಗಳು ಕಚೇರಿಯಲ್ಲಿ ಕುಳಿತು ಅವನು ಪರಿಶೀಲನಾ ಪಟ್ಟಿಯೊಂದನ್ನು ಸಿದ್ಧಪಡಿಸಿದನು. ಅದರಲ್ಲಿ ಅರವತ್ತನಾಲ್ಕು ಅಂಶಗಳಿದ್ದವು. ಅಂಗಳ ಗುಡಿಸಲಾಗಿದೆ, ಸಮವಸ್ತ್ರ ಧರಿಸಲಾಗಿದೆ, ಹಾಜರಿ ಪುಸ್ತಕಕ್ಕೆ ಸಹಿ ಮಾಡಲಾಗಿದೆ ಎಂದು ಮೊದಲುಗೊಂಡು ರಾತ್ರಿಯ ಬೀಗದವರೆಗೆ ಎಲ್ಲವೂ ಅದರಲ್ಲಿ ಅಡಕವಾಗಿದ್ದವು. ಪ್ರತಿಯೊಂದರ ಮುಂದೆ ಎರಡು ಚೌಕಗಳು: ಒಂದು ಬೆಳಿಗ್ಗೆಗೆ, ಇನ್ನೊಂದು ಸಂಜೆಗೆ. ಗಾಜಿನ ನಳಿಗೆಯ ಪರೀಕ್ಷೆ ಮೂವತ್ತೇಳನೆಯದು. ದಿನವೂ ಸಂಜೆ ಆ ಹಾಳೆ ಕಚೇರಿಗೆ ಬರಬೇಕು; ಅವನು ಸಹಿ ಮಾಡಿ ಕಡತದಲ್ಲಿ ಇಡಬೇಕು. ಎರಡು ವರ್ಷಗಳ ಕಾಲ ಒಂದು ದಿನವೂ ತಪ್ಪದೆ ಹಾಳೆಗಳು ಬಂದವು. ಊರಿಗೆ ಬಂದ ಬಂಧುಗಳಿಗೆ ಅವನು ಆ ಕಡತಗಳನ್ನು ಸಂತೋಷದಿಂದ ತೋರಿಸುತ್ತಿದ್ದನು.

2018ರ ಮಳೆಗಾಲದ ಒಂದು ಬೆಳಿಗ್ಗೆ, ಹತ್ತೂವರೆಯ ಹೊತ್ತಿಗೆ, ಬಾಯ್ಲರಿನ ಮನೆಯಿಂದ ದೊಡ್ಡ ಸದ್ದು ಕೇಳಿಸಿತು. ನಳಿಗೆಯ ಕೆಳದಾರಿಯಲ್ಲಿ ಕೆಸರೂ ಸುಣ್ಣದ ಹೆಪ್ಪೂ ಕಟ್ಟಿಕೊಂಡು, ಒಳಗಿನ ನೀರು ಇಳಿದಿದ್ದರೂ ಗಾಜಿನಲ್ಲಿ ಅರ್ಧದ ಮಟ್ಟವೇ ತೋರುತ್ತಿತ್ತು. ನೀರು ಕಡಿಮೆಯಾದಾಗ ಬಡಿಯಬೇಕಾದ ಎಚ್ಚರಿಕೆಯ ಗಂಟೆ ಬಡಿಯಲಿಲ್ಲ. ಇಂತಹ ಆಪತ್ತಿಗೆಂದೇ ಒಲೆಯ ನೆತ್ತಿಯಲ್ಲಿ ಕೂಡಿಸಿರುವ, ಬೇಗನೆ ಕರಗುವ ಲೋಹದ ಬಿರಡೆ ಕರಗಿ, ಹಬೆಯೂ ಬಿಸಿನೀರೂ ಬೆಂಕಿಯ ಮೇಲೆ ನುಗ್ಗಿದವು. ಆ ಬಿರಡೆ ತನ್ನ ಕೆಲಸವನ್ನು ಮಾಡಿದ್ದರಿಂದ ಬಾಯ್ಲರು ಸಿಡಿಯಲಿಲ್ಲ. ಹತ್ತಾರು ಜೀವಗಳು ಉಳಿದವು. ಆದರೆ ಆ ಕ್ಷಣದಲ್ಲಿ ಒಲೆಯ ಬಾಗಿಲನ್ನು ತೆರೆದು ಉಮಿ ಹಾಕುತ್ತಿದ್ದ ಹತ್ತೊಂಬತ್ತು ವರ್ಷದ ಹುಡುಗನ ಬಲಗೈ ಮೊಣಕೈಯವರೆಗೆ ಬೆಂದುಹೋಯಿತು.

ಹುಡುಗನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿ, ಬಾಯ್ಲರು ಇಲಾಖೆಗೆ ವರದಿ ಕಳುಹಿಸಿ, ರಾತ್ರಿ ಗಿರಣಿಗೆ ಮರಳಿದ ಯುವಕ ಮಾಡಿದ ಮೊದಲ ಕೆಲಸ ಆ ದಿನದ ಹಾಳೆಯನ್ನು ತರಿಸಿಕೊಂಡದ್ದು. ಅರವತ್ತನಾಲ್ಕು ಚೌಕಗಳಲ್ಲಿಯೂ ಸರಿ ಎಂಬ ಗುರುತು ಇತ್ತು. ಮೂವತ್ತೇಳನೆಯದರಲ್ಲಿಯೂ ಇತ್ತು. ಅಷ್ಟೇ ಅಲ್ಲ, ಬೆಳಿಗ್ಗೆ ಹತ್ತೂವರೆಗೆ ನಿಂತುಹೋದ ಗಿರಣಿಯ ಸಂಜೆಯ ಚೌಕಗಳೂ ಆಗಲೇ ತುಂಬಿದ್ದವು.

ಮರುದಿನ ಹಿರಿಯ ನೌಕರರನ್ನು ಕರೆಸಲಾಯಿತು. ಅವರು ಏನನ್ನೂ ಮರೆಮಾಚಲಿಲ್ಲ.

"ಹೌದು ಧನಿಗಳೇ, ಬೆಳಿಗ್ಗೆ ಚಹಾ ಕುಡಿಯುವಾಗಲೇ ಎಲ್ಲದಕ್ಕೂ ರೈಟ್ ಹಾಕುವುದು. ಸುಳ್ಳೇ ಹಾಕುವುದು. ನನ್ನಿಂದ ತಪ್ಪಾಯಿತು. ಆ ಹುಡುಗನ ಕೈ ನೋಡಿದ ಮೇಲೆ ನನಗೆ ಊಟ ಸೇರುವುದಿಲ್ಲ."

"ಎಷ್ಟು ಕಾಲದಿಂದ ಹೀಗೆ?"

"ಐವತ್ತು ರೂಪಾಯಿ ಹಿಡಿದಿರಲ್ಲ, ಆ ತಿಂಗಳಿನಿಂದ."

ಯುವಕನಿಗೆ ನೆನಪಾಗಲಿಲ್ಲ. ಹಳೆಯ ಕಡತವನ್ನು ತೆರೆದು ನೋಡಿದಾಗ ಹದಿನಾಲ್ಕು ತಿಂಗಳ ಹಿಂದಿನ ಒಂದು ಹಾಳೆ ಸಿಕ್ಕಿತು. ಅದರಲ್ಲಿ ನಲವತ್ತೊಂದನೆಯ ಚೌಕ ಖಾಲಿಯಾಗಿತ್ತು: ಎಚ್ಚರಿಕೆಯ ಗಂಟೆ ಸುಸ್ಥಿತಿಯಲ್ಲಿದೆ. ಗಂಟೆ ಕೆಟ್ಟಿದ್ದರಿಂದ ಅವರು ಗುರುತು ಹಾಕಿರಲಿಲ್ಲ. 'ಇಲ್ಲ' ಎಂದು ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ. ಖಾಲಿ ಚೌಕದ ಸುತ್ತ ಕೆಂಪು ಶಾಯಿಯ ವೃತ್ತವೊಂದಿತ್ತು. ಪಕ್ಕದಲ್ಲಿ 'ಅಪೂರ್ಣ, ರೂ. 50 ಕಡಿತ' ಎಂದು ಬರೆದಿತ್ತು. ಆ ಅಕ್ಷರಗಳು ಯುವಕನವೇ. ಮರುದಿನದಿಂದ ಎಲ್ಲ ಚೌಕಗಳೂ ತುಂಬಿ ಬಂದವು. ಗಂಟೆ ಮಾತ್ರ ಹಾಗೆಯೇ ಉಳಿಯಿತು. ಅದು ಸುಸ್ಥಿತಿಯಲ್ಲಿದೆ ಎಂದು ದಿನಕ್ಕೆ ಎರಡು ಬಾರಿ ಕಾಗದ ಹೇಳುತ್ತಿದ್ದುದರಿಂದ ಅದನ್ನು ದುರಸ್ತಿ ಮಾಡಿಸಬೇಕೆಂದು ಯಾರಿಗೂ ತೋಚಲಿಲ್ಲ.

ಅವನು ಕಡತವನ್ನು ಮನೆಗೆ ಒಯ್ದು ತಂದೆಯ ಮುಂದೆ ಇಟ್ಟನು. ನೌಕರರನ್ನು ಬಿಡಿಸಬೇಕೇ ಎಂಬುದು ಅವನ ಪ್ರಶ್ನೆ. ತಂದೆ ವ್ರತನಿಯಮಗಳನ್ನು ಪಾಲಿಸಿಕೊಂಡು ಬಂದವರು, ಚತುರ್ದಶಿಯ ಪ್ರತಿಕ್ರಮಣವನ್ನು ತಪ್ಪಿಸಿದವರಲ್ಲ. ಎರಡು ಹಾಳೆಗಳನ್ನೂ ಬಹಳ ಹೊತ್ತು ನೋಡಿ ಅವರು ಕೇಳಿದರು:

"ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖ ಎಂಬುದೊಂದು ಉಂಟಲ್ಲ, ಮಗಾ. ಇಲ್ಲದ್ದನ್ನು ಉಂಟೆಂದು ಬರೆಯುವುದು. ಇದು ಅದೇ. ಬರೆದದ್ದು ಅವನು, ನಿಜ. ಬರೆಯಿಸಿದ್ದು ಯಾರು? ದಿನವೂ ಸಹಿ ಹಾಕಿ ಒಪ್ಪಿಕೊಂಡದ್ದು ಯಾರು?"

ಕೃತ, ಕಾರಿತ, ಅನುಮತ ಎಂದು ದೋಷವು ಮೂರು ದಾರಿಗಳಿಂದ ಬರುತ್ತದೆಯೆಂಬುದನ್ನು ಆ ಯುವಕನು ಬಾಲ್ಯದಲ್ಲಿ ಪಾಠಶಾಲೆಯಲ್ಲಿಯೇ ಕಲಿತಿದ್ದನು. ತಾನೇ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು. ಆದರೆ ಕಚೇರಿಯ ಮೇಜಿನ ಮೇಲಿನ ಒಂದು ಹಾಳೆಯೂ 'ಕಾರಿತ'ವಾಗಬಲ್ಲುದೆಂದು ಅವನು ಎಣಿಸಿರಲಿಲ್ಲ. ಅಂದು ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ನೌಕರರನ್ನು ಬಿಡಿಸುವ ಮಾತು ಅಲ್ಲಿಗೆ ನಿಂತಿತು.

ಅವನ ಅಕ್ಕ ಮಂಗಳೂರಿನಲ್ಲಿ ಅರಿವಳಿಕೆ ತಜ್ಞೆ. ಸುಟ್ಟ ಹುಡುಗನನ್ನು ನೋಡಲು ಹೋದಾಗ ಅವನು ಅಕ್ಕನ ಬಳಿ ತನ್ನ ಬೇಸರವನ್ನು ತೋಡಿಕೊಂಡು, ಇನ್ನು ಮುಂದೆ ಪಟ್ಟಿಯ ಸಹವಾಸವೇ ಬೇಡ ಎಂದನು. ಆಕೆ ಒಪ್ಪಲಿಲ್ಲ.

"ನೋಡು ತಮ್ಮ, ಪಟ್ಟಿಯ ತಪ್ಪಲ್ಲ ಅದು. ನಮ್ಮ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ದಿನವೂ ಒಂದು ಪಟ್ಟಿ ಓದುತ್ತೇವೆ. ಹತ್ತೊಂಬತ್ತೇ ಅಂಶಗಳು. ಯಾರಿಗಾಗಿ, ಯಾವ ಹೊತ್ತಿನಲ್ಲಿ ಓದಬೇಕು ಎಂದು ಯೋಚಿಸಿ ಮಾಡಿದ್ದು ಅದು."

ಆಕೆ ಹೇಳಿದ ಸಂಗತಿಗಳು ಎಲ್ಲ ಉದ್ಯಮಿಗಳೂ ತಿಳಿಯತಕ್ಕವು. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊ ರಾಜ್ಯದ ಡೇಟನ್ ನಗರದ ಬಳಿ, ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನವೊಂದು ಸೈನ್ಯದ ಪರೀಕ್ಷಾ ಹಾರಾಟದಲ್ಲಿ ಮೇಲೇರಿದ ಕೂಡಲೇ ಬಿದ್ದು ಉರಿಯಿತು. ನಡೆಸುತ್ತಿದ್ದವರು ನುರಿತ ವೈಮಾನಿಕರಾದ ಮೇಜರ್ ಪ್ಲಾಯರ್ ಹಿಲ್. ಗಾಳಿಗೆ ಅಲುಗಾಡದಿರಲೆಂದು ನೆಲದ ಮೇಲಿರುವಾಗ ಹಾಕುವ ಚುಕ್ಕಾಣಿಯ ಬೀಗವನ್ನು ತೆಗೆಯುವುದು ಮರೆತುಹೋಗಿತ್ತು. ಹಿಲ್ ಅವರೂ ಬೋಯಿಂಗ್ ಕಂಪನಿಯ ಪರೀಕ್ಷಕ ಲೆಸ್ಲಿ ಟವರ್ ಅವರೂ ಪ್ರಾಣ ಕಳೆದುಕೊಂಡರು. ಆ ಬಳಿಕ ವೈಮಾನಿಕರು ಇನ್ನಷ್ಟು ದೀರ್ಘವಾದ ತರಬೇತಿಯನ್ನು ಕೇಳಲಿಲ್ಲ. ಹಾರುವ ಮುನ್ನ, ಹಾರುವಾಗ, ಇಳಿಯುವ ಮುನ್ನ, ಇಳಿದ ಮೇಲೆ ನೋಡತಕ್ಕವುಗಳ ಚಿಕ್ಕ ಪಟ್ಟಿಗಳನ್ನು ತಾವೇ ಬರೆದುಕೊಂಡರು. ನುರಿತವನೂ ಮರೆಯುತ್ತಾನೆಂಬ ವಿನಯದಿಂದ ಆ ಪಟ್ಟಿ ಹುಟ್ಟಿತು; ನೌಕರನನ್ನು ಹಿಡಿಯುವುದಕ್ಕಾಗಿ ಹುಟ್ಟಲಿಲ್ಲ.

2001ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಡಾ. ಪೀಟರ್ ಪ್ರೊನೊವೊಸ್ಟ್ ಅವರು ರೋಗಿಯ ದೊಡ್ಡ ರಕ್ತನಾಳಕ್ಕೆ ನಳಿಗೆ ಹಾಕುವಾಗ ಪಾಲಿಸಬೇಕಾದ ಐದೇ ಐದು ಹೆಜ್ಜೆಗಳ ಪಟ್ಟಿಯನ್ನು ಮಾಡಿದರು. ಕೈ ತೊಳೆಯುವುದು, ಚರ್ಮವನ್ನು ಔಷಧದಿಂದ ಶುದ್ಧಗೊಳಿಸುವುದು ಮೊದಲಾದ, ಯಾವ ವೈದ್ಯರಿಗೂ ಹೊಸದಲ್ಲದ ಮಾತುಗಳು. ಹೊಸತೇನೆಂದರೆ, ವೈದ್ಯರು ಒಂದು ಹೆಜ್ಜೆಯನ್ನು ಬಿಟ್ಟರೆ ಕೆಲಸವನ್ನು ನಿಲ್ಲಿಸುವ ಅಧಿಕಾರವನ್ನು ಆಡಳಿತವು ದಾದಿಯರಿಗೆ ಕೊಟ್ಟಿತು. ಒಂದು ವರ್ಷದಲ್ಲಿ ಅಲ್ಲಿನ ಸೋಂಕಿನ ಪ್ರಮಾಣ ನೂರಕ್ಕೆ 11ರಿಂದ ಸೊನ್ನೆಗೆ ಇಳಿಯಿತು. ಅಕ್ಕ ಹೇಳಿದ ಹತ್ತೊಂಬತ್ತು ಅಂಶಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದಿತು. ದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಅದನ್ನು ಪರೀಕ್ಷಿಸಿದಾಗ, ಶಸ್ತ್ರಚಿಕಿತ್ಸೆಯ ಅನಂತರದ ಮರಣ ನೂರಕ್ಕೆ 1.5ರಿಂದ 0.8ಕ್ಕೆ ಇಳಿದುದು 2009ರಲ್ಲಿ ಪ್ರಕಟವಾಯಿತು.

ಆದರೆ ಆಕೆ ಇನ್ನೊಂದು ಮುಖವನ್ನೂ ಹೇಳದೆ ಬಿಡಲಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಅದೇ ಪಟ್ಟಿಯನ್ನು ಕಡ್ಡಾಯಗೊಳಿಸಲಾಯಿತು. ಆಸ್ಪತ್ರೆಗಳೆಲ್ಲವೂ ಪಾಲನೆ ಬಹುತೇಕ ಪೂರ್ಣವೆಂದು ವರದಿ ಒಪ್ಪಿಸಿದವು. 2014ರಲ್ಲಿ 101 ಆಸ್ಪತ್ರೆಗಳ ಲೆಕ್ಕವನ್ನು ತೆಗೆದು ನೋಡಿದರೆ ಮರಣದಲ್ಲಾಗಲಿ ತೊಡಕುಗಳಲ್ಲಾಗಲಿ ಗಣನೀಯವಾದ ಇಳಿಕೆ ಕಾಣಲಿಲ್ಲ. ಹೆರಿಗೆಯ ಸುರಕ್ಷತೆಗಾಗಿ ಮಾಡಿದ 29 ಅಂಶಗಳ ಪಟ್ಟಿಯನ್ನು 2010ರಲ್ಲಿ ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ಪ್ರಯೋಗಿಸಿದಾಗ, ಪ್ರತಿ ಹೆರಿಗೆಯಲ್ಲಿ ಸರಾಸರಿ 10 ಕ್ರಮಗಳು ಪಾಲನೆಯಾಗುತ್ತಿದ್ದಲ್ಲಿ 25 ಪಾಲನೆಯಾದವು. ಅದನ್ನೇ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡದಾಗಿ ಪರೀಕ್ಷಿಸಿದ ಫಲ 2017ರಲ್ಲಿ ಬಂದಿತು. ಜೊತೆಯಲ್ಲಿ ನಿಂತು ಕಲಿಸುವವರಿದ್ದಾಗ ಪಾಲನೆ ಬಹಳ ಏರಿತು. ಅವರು ಹೋದ ಮೇಲೆ ಒಂದಿಷ್ಟು ಇಳಿಯಿತು. ತಾಯಿ ಮಕ್ಕಳ ಮರಣದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪಟ್ಟಿಯೊಂದೇ ಔಷಧವನ್ನು ತಂದುಕೊಡಲಾರದು, ಕೆಟ್ಟ ಗಂಟೆಯನ್ನು ದುರಸ್ತಿ ಮಾಡಲಾರದು. ಅದು ನೆನಪಿಸಬಲ್ಲುದು, ಕೇಳಬಲ್ಲುದು. ಉತ್ತರ ಬಂದ ಮೇಲೆ ಮಾಡಬೇಕಾದವರು ಮನುಷ್ಯರೇ.

ಊರಿಗೆ ಮರಳಿದ ಯುವಕ ಈ ಬಾರಿ ಕಚೇರಿಯಲ್ಲಿ ಕುಳಿತುಕೊಳ್ಳಲಿಲ್ಲ. ಬಾಯ್ಲರು ಮನೆಯ ನೆಲದ ಮೇಲೆ ಗೋಣಿ ಹಾಸಿ, ಹಿರಿಯ ನೌಕರರೊಂದಿಗೂ ಉಮಿ ಹಾಕುವ ಮೂವರೊಂದಿಗೂ ಕುಳಿತನು. ಮೊದಲು ಐವತ್ತು ರೂಪಾಯಿಯನ್ನು ಎಲ್ಲರ ಮುಂದೆ ಹಿರಿಯರಿಗೆ ಹಿಂದಿರುಗಿಸಿ ಕ್ಷಮೆ ಕೇಳಿದನು. ಅನಂತರ ಒಂದೇ ಪ್ರಶ್ನೆ ಕೇಳಿದನು: ಯಾವುದನ್ನು ಮರೆತರೆ ಇಲ್ಲಿ ಮನುಷ್ಯನ ಜೀವಕ್ಕೆ ಕೇಡು?

ಚರ್ಚೆ ಮೂರು ದಿನ ನಡೆಯಿತು. ಮೊದಲ ದಿನ ಇಪ್ಪತ್ತು ಅಂಶಗಳು ಬಂದವು. ಉಮಿ ಇದೆಯೇ ಎಂಬುದನ್ನು ತೆಗೆದುಹಾಕಿದರು. ಉಮಿ ಇಲ್ಲದಿದ್ದರೆ ಬೆಂಕಿಯೇ ಹತ್ತುವುದಿಲ್ಲ, ಅದನ್ನು ಯಾರೂ ಮರೆಯುವುದಿಲ್ಲ. ಅಂಗಳ ಗುಡಿಸುವುದನ್ನು ತೆಗೆದುಹಾಕಿದರು. ಅದು ಬೇಕಾದ ಕೆಲಸವೇ ಆದರೂ ಜೀವಕ್ಕೆ ಸಂಬಂಧಿಸಿದ್ದಲ್ಲ, ಬೇರೆ ಕಡೆ ಇರಲಿ. ಕಡೆಗೆ ಆರು ಉಳಿದವು: ಗಾಜಿನ ನಳಿಗೆಯ ನೀರನ್ನು ಬಿಟ್ಟು ನೋಡುವುದು, ಎಚ್ಚರಿಕೆಯ ಗಂಟೆಯ ಪರೀಕ್ಷೆ, ನೀರೂಡಿಸುವ ಎರಡು ಪಂಪುಗಳ ಪರೀಕ್ಷೆ, ಸುರಕ್ಷಾ ಕವಾಟ, ಹಬೆಯ ಒತ್ತಡದ ಅಂಕಿ, ಒಲೆಯ ಬಾಗಿಲಿನ ಬಳಿ ಇರುವವರ ಕೈಗವಸು.

ಪಟ್ಟಿಯ ಭಾಷೆಯೂ ಬದಲಾಯಿತು. 'ಸುಸ್ಥಿತಿಯಲ್ಲಿದೆ' ಎಂಬ ಪದಕ್ಕೆ ಪ್ರತಿಯಾಗಿ 'ಗಂಟೆ ಬಡಿಯಿತೇ?' ಎಂದಾಯಿತು. ಸುಸ್ಥಿತಿ ಎಂಬುದು ಅಭಿಪ್ರಾಯ. ಬಡಿದದ್ದು ಕಿವಿಗೆ ಕೇಳುವ ಸಂಗತಿ. ಒತ್ತಡ ಸರಿಯಾಗಿದೆ ಎಂಬಲ್ಲಿ ಗುರುತು ಹಾಕುವ ಬದಲು ಅಂಕಿಯನ್ನು ಬರೆಯಬೇಕೆಂದಾಯಿತು. ಗುರುತನ್ನು ಕಣ್ಣು ಮುಚ್ಚಿಯೂ ಹಾಕಬಹುದು. ಅಂಕಿಗಾಗಿ ಕಣ್ಣು ಗಡಿಯಾರದತ್ತ ಹೊರಳಬೇಕು. ಕ್ರಮವು ಕಚೇರಿಯ ಕ್ರಮವಾಗದೆ, ಬಾಗಿಲಿನಿಂದ ಒಳಬಂದ ಮನುಷ್ಯ ನಡೆಯುವ ದಾರಿಯ ಕ್ರಮವಾಯಿತು. ಸಮಯ ಎರಡು: ಬೆಂಕಿ ಹೊತ್ತಿಸುವ ಮುನ್ನ ಮತ್ತು ಪಾಳಿ ಬದಲಾಗುವಾಗ. ಒಬ್ಬನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬನು ತಿರುಪಿನ ಮೇಲೆ ಕೈಯಿಟ್ಟು ನೋಡಿ ಉತ್ತರ ಹೇಳಬೇಕು. ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಅದನ್ನು ಬಾಯ್ಲರಿನ ಎದುರಿನ ಗೋಡೆಗೆ ತೂಗುಹಾಕಿದರು. ಹದಿನೈದು ದಿನ ನಡೆಸಿ ನೋಡಿದ ಮೇಲೆ ಎರಡು ಮಾತುಗಳನ್ನು ತಿದ್ದಿದರು. ತಿದ್ದಿದ ದಿನಾಂಕವನ್ನು ಕೆಳಗೆ ಬರೆದರು. ಪಟ್ಟಿಯೂ ಹಳತಾಗುತ್ತದೆಯೆಂಬುದನ್ನು ಮರೆಯಬಾರದೆಂದು.

ಎಲ್ಲಕ್ಕಿಂತ ಮುಖ್ಯವಾದುದು 'ಇಲ್ಲ' ಎಂದು ಬರೆಯುವ ಕಲಮು. ಅದು ಹಾಳೆಯ ಎಡಗಡೆಯಲ್ಲಿ, 'ಹೌದು' ಎಂಬುದಕ್ಕಿಂತ ಮೊದಲು ಬಂದಿತು. 'ಇಲ್ಲ' ಎಂದು ಬರೆದವರ ಸಂಬಳಕ್ಕೆ ಕೈ ಹಾಕುವುದಿಲ್ಲ. ಆರರಲ್ಲಿ ಒಂದಕ್ಕೆ 'ಇಲ್ಲ' ಬಂದರೂ ಬೆಂಕಿ ಹೊತ್ತಿಸಬಾರದು. ಹಾಗೆ ನಿಲ್ಲಿಸುವ ಅಧಿಕಾರ ಉಮಿ ಹಾಕುವವನಿಗೂ ಉಂಟು ಎಂದು ಯುವಕ ಮಾತು ಕೊಟ್ಟನು.

ಮಾತು ಕೊಡುವುದು ಸುಲಭ. ಅದರ ಬೆಲೆ ತಿಳಿದದ್ದು ನಾಲ್ಕು ತಿಂಗಳ ಬಳಿಕ. ಕೈ ಮಾಗಿ ಕೆಲಸಕ್ಕೆ ಮರಳಿದ್ದ ಅದೇ ಹುಡುಗ ಒಂದು ಬೆಳಿಗ್ಗೆ ಪಂಪುಗಳ ಮುಂದೆ 'ಇಲ್ಲ' ಎಂದು ಬರೆದನು. ಎರಡನೆಯ ಪಂಪು ನೀರು ಎತ್ತುತ್ತಿರಲಿಲ್ಲ. ಒಂದು ಪಂಪು ಚೆನ್ನಾಗಿಯೇ ನಡೆಯುತ್ತಿತ್ತು. ತೊಟ್ಟಿಗಳಲ್ಲಿ ನೆನೆದ ಭತ್ತ ತುಂಬಿತ್ತು. ಹೊತ್ತು ಮೀರಿದರೆ ಅದು ಹುಳಿತು ವಾಸನೆ ಬರುತ್ತದೆ, ಅಕ್ಕಿಯ ಬಣ್ಣ ಕೆಡುತ್ತದೆ. ಮಂಗಳೂರಿನ ವರ್ತಕರ ಲಾರಿ ಅಂಗಳದಲ್ಲಿ ನಿಂತಿತ್ತು. ಗುಮಾಸ್ತರು ಬಂದು, ಇಂದು ಒಂದು ದಿನ ಒಂದೇ ಪಂಪಿನಲ್ಲಿ ನಡೆಸೋಣ ಎಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದನು. ಹಿರಿಯ ನೌಕರರು ಯುವಕನ ಮುಖವನ್ನೇ ನೋಡುತ್ತಿದ್ದರು.

ಯುವಕ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ ಲಾರಿಯನ್ನು ಹಿಂದಕ್ಕೆ ಕಳುಹಿಸಿ, ಪಂಪಿನ ಕೆಲಸಗಾರನಿಗೆ ಫೋನ್ ಮಾಡಿಸಿದನು. ದುರಸ್ತಿಯಾಗುವಾಗ ಸಂಜೆಯಾಯಿತು. ಎರಡು ತೊಟ್ಟಿಗಳ ಭತ್ತ ಕೆಟ್ಟಿತು. ಅದರ ನಷ್ಟವನ್ನು ಅವನು ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರಿನ ಖರ್ಚಾಗಿ ಬರೆದುಕೊಂಡನು. ಆ ದಿನದ ಹಾಳೆಗೆ ಅವನು ಸಹಿ ಮಾಡಿದಾಗ ಕೈ ನಡುಗಿತೆಂದು ಮನೆಯಲ್ಲಿ ಹೇಳಿದನಂತೆ. ಹಿಂದಿನ ಎರಡು ವರ್ಷಗಳ ಕಡತಗಳಲ್ಲಿ ಸುಳ್ಳಿನ ಗುರುತುಗಳು ಎಷ್ಟಿದ್ದವೋ ಹೇಳುವಂತಿಲ್ಲ. ಈ ಹಾಳೆಯಲ್ಲಿ ಬರೆದದ್ದು ನಡೆದದ್ದೇ ಎಂಬುದು ಅವನಿಗೆ ಗೊತ್ತಿತ್ತು.

ಹಿಂಸೆಗೆ ಮೂಲ ಪ್ರಮಾದವೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ತಿಳಿಸುತ್ತದೆ. ಪ್ರಮಾದವೆಂದರೆ ಕೈ ಜಾರುವುದು ಮಾತ್ರವೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಕೂಲಿಯವನ ಪ್ರಮಾದ ಎಲ್ಲರ ಕಣ್ಣಿಗೂ ಬೀಳುತ್ತದೆ. ಅವನು ನಿಜವನ್ನು ಹೇಳಲಾಗದಂತೆ ಹಾಳೆಯನ್ನು ರಚಿಸಿದ ಒಡೆಯನ ಪ್ರಮಾದ ಕಡತದೊಳಗೆ ಅಡಗಿರುತ್ತದೆ. ಉತ್ಸವದ ದಿನ ಸಾವಿರ ಜನರಿಗೆ ಅಡುಗೆ ಮಾಡುವ ಭೋಜನಶಾಲೆಯಲ್ಲಿ, ಅನಿಲದ ಸಿಲಿಂಡರುಗಳ ಕೋಣೆಯಲ್ಲಿ, ವಿದ್ಯುದ್ದೀಪಗಳ ತಂತಿ ಎಳೆಯುವಲ್ಲಿ, ಭಂಡಾರದ ಕೀಲಿಕೈ ಒಪ್ಪಿಸುವಲ್ಲಿ ಬಸದಿಗಳ ಆಡಳಿತ ಮಂಡಳಿಗಳೂ ಇಂತಹ ಪಟ್ಟಿಗಳನ್ನು ಇಟ್ಟುಕೊಂಡಿರುತ್ತವೆ. ಮುಂದಿನ ಸಭೆಯಲ್ಲಿ ಆ ಹಾಳೆಗಳನ್ನು ಒಮ್ಮೆ ತೆರೆದು ನೋಡುವುದು ಉಚಿತ. ಕಳೆದ ಒಂದು ವರ್ಷದಲ್ಲಿ ಒಂದೇ ಒಂದು 'ಇಲ್ಲ' ಕೂಡ ಇಲ್ಲವಾದರೆ, ಎಲ್ಲವೂ ಸರಿಯಾಗಿದೆಯೆಂದು ಸಮಾಧಾನಪಡುವ ಮುನ್ನ, 'ಇಲ್ಲ' ಎನ್ನುವ ಧೈರ್ಯ ಅಲ್ಲಿನ ಕೆಲಸದವರಿಗೆ ಉಂಟೇ ಎಂದು ಕೇಳಿ ನೋಡಬೇಕು. ಕಚೇರಿಗೆ ಕರೆಸಿ ಕೇಳಿದರೆ ಸಾಲದು. ಅವರು ಕೆಲಸ ಮಾಡುವ ಕಡೆಗೆ ಹೋಗಿ ಕೇಳಬೇಕು.